ಕೆಲಸದ ಜೊತೆಗೆ ಡಾಕ್ಟರೇಟ್: ಮೊದಲು ಪ್ರಶ್ನೆ, ಆಮೇಲೆ ಪದವಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಶಾಲೆಗಳಲ್ಲಿ ಎಂ.ಎ., ಎಂ.ಇಡಿ. ಮುಗಿಸಿದ ಶಿಕ್ಷಕ ಶಿಕ್ಷಕಿಯರಿಗೆ ಇಂದು ಕೊರತೆಯಿಲ್ಲ. ಅವರಲ್ಲಿ ಹಲವರ ಮನಸ್ಸಿನಲ್ಲಿ ಇನ್ನೊಂದು ಮೆಟ್ಟಿಲು ಹತ್ತುವ ಆಸೆ ಇದೆ. ಹೆಸರಿನ ಹಿಂದೆ ‘ಡಾ.’ ಎಂಬ ಅಕ್ಷರ ಬಂದರೆ ಯಾರಿಗೆ ಬೇಡ? ಈ ಆಸೆಯನ್ನು ಅರಿತವರಂತೆ ಮೊಬೈಲಿನಲ್ಲಿ ಜಾಹೀರಾತುಗಳು ಬರುತ್ತವೆ. ನೌಕರಿ ಬಿಡಬೇಕಿಲ್ಲ, ಊರು ಬಿಡಬೇಕಿಲ್ಲ, ಮನೆಯಲ್ಲಿಯೇ ಕುಳಿತು ವಿದೇಶಿ ವಿಶ್ವವಿದ್ಯಾಲಯದಿಂದ ‘ಶೈಕ್ಷಣಿಕ ನಾಯಕತ್ವ’ದಲ್ಲಿ ಡಾಕ್ಟರೇಟ್ ಪಡೆಯಿರಿ ಎಂಬ ಕರೆ. ಶುಲ್ಕವನ್ನು ಕಂತಿನಲ್ಲಿ ಕಟ್ಟಬಹುದು ಎಂಬ ಸೌಲಭ್ಯ ಬೇರೆ.

ಕಂತು ಕಟ್ಟುವುದು ಮಕ್ಕಳ ಓದಿಗೆಂದು ಕೂಡಿಟ್ಟ ಹಣದಿಂದ. ಆದ್ದರಿಂದ ಈ ವಿಷಯ ಶಿಕ್ಷಕರಿಗೆ ಮಾತ್ರ ಸೇರಿದ್ದಲ್ಲ, ಪಾಲಕರಿಗೂ ವಿದ್ಯಾರ್ಥಿಗಳಿಗೂ ಸೇರಿದ್ದು. ನಾಳೆ ಇದೇ ಜಾಹೀರಾತು ಬೇರೊಂದು ಪದವಿಯ ಹೆಸರಿನಲ್ಲಿ ಮನೆಯ ಮಗನಿಗೋ ಮಗಳಿಗೋ ಬರುತ್ತದೆ.

ಅಲ್ಲಿ ಇದೆ, ಇಲ್ಲಿ ಇಲ್ಲ

ಅಮೆರಿಕದಲ್ಲಿ ಇಂಥ ಪದವಿ ಇರುವುದು ನಿಜ. ಅದಕ್ಕೆ ‘ಇಡಿ.ಡಿ.’ ಎಂದು ಹೆಸರು. ಹಾರ್ವರ್ಡ್ ವಿಶ್ವವಿದ್ಯಾಲಯ ಅದನ್ನು 1920ರ ದಶಕದ ಆರಂಭದಲ್ಲಿಯೇ ಕೊಡತೊಡಗಿತು. ಇಂದು ಜಾನ್ಸ್ ಹಾಪ್ಕಿನ್ಸ್‌ನಂಥ ಹೆಸರಾಂತ ವಿಶ್ವವಿದ್ಯಾಲಯಗಳೂ ಅದನ್ನು ಆನ್‌ಲೈನ್‌ನಲ್ಲಿ ನಡೆಸುತ್ತವೆ. ಕೆಲಸದಲ್ಲಿರುವ ಮುಖ್ಯೋಪಾಧ್ಯಾಯರು, ಶಿಕ್ಷಣಾಧಿಕಾರಿಗಳು ತಮ್ಮ ಶಾಲೆಯ ಒಂದು ನಿಜವಾದ ಸಮಸ್ಯೆಯನ್ನು ಹಿಡಿದು, ಅದರ ಮೇಲೆಯೇ ಸಂಶೋಧನೆ ನಡೆಸುತ್ತಾರೆ. ಆ ಪದವಿಯ ಜೀವಾಳ ಇರುವುದು ಇದರಲ್ಲಿ.

ಆದರೆ ಭಾರತದಲ್ಲಿ ನಿಯಮ ಬೇರೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, 2022ರ ನವೆಂಬರಿನಲ್ಲಿ ಹೊರಡಿಸಿದ ಪಿಎಚ್.ಡಿ. ನಿಯಮಾವಳಿಯಂತೆ ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್.ಡಿ. ನಡೆಸುವಂತಿಲ್ಲ. ಅದಕ್ಕೂ ಕೆಲವೇ ದಿನ ಮೊದಲು, 2022ರ ಅಕ್ಟೋಬರ್ ಕೊನೆಯಲ್ಲಿ, ಯುಜಿಸಿ ಮತ್ತು ಎಐಸಿಟಿಇ ಸಂಸ್ಥೆಗಳು ಕೂಡಿಯೇ ಒಂದು ಎಚ್ಚರಿಕೆ ನೀಡಿದ್ದವು. ಶಿಕ್ಷಣ ವ್ಯಾಪಾರದ ಕಂಪನಿಗಳು ವಿದೇಶಿ ಸಂಸ್ಥೆಗಳ ಜೊತೆ ಸೇರಿ ನಡೆಸುವ ಆನ್‌ಲೈನ್ ಪಿಎಚ್.ಡಿ.ಗೆ ಯುಜಿಸಿ ಮಾನ್ಯತೆ ಇಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿತ್ತು.

ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡರು ಎಂಬ ಗಾದೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಇಲ್ಲಿ ಜೋಳ ಅಗ್ಗವೂ ಅಲ್ಲ.

ದೇಶದೊಳಗಿನ ವಿಶ್ವವಿದ್ಯಾಲಯ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. 2025ರ ಜನವರಿಯಲ್ಲಿ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳು ಐದು ವರ್ಷ ಪಿಎಚ್.ಡಿ.ಗೆ ಯಾರನ್ನೂ ಸೇರಿಸಿಕೊಳ್ಳದಂತೆ ಯುಜಿಸಿ ತಡೆಯಿತು. ನಿಯಮ ಪಾಲಿಸದೆ ಪದವಿ ಕೊಟ್ಟದ್ದೇ ಅದಕ್ಕೆ ಕಾರಣ.

ತೆರೆದಿರುವ ಬಾಗಿಲು

ಹಾಗಾದರೆ ನೌಕರಿಯಲ್ಲಿರುವವರಿಗೆ ದಾರಿಯೇ ಇಲ್ಲವೇ? ಇದೆ. ಅದೇ 2022ರ ನಿಯಮಾವಳಿ ಅರೆಕಾಲಿಕ ಪಿಎಚ್.ಡಿ.ಗೆ ಅವಕಾಶ ಕೊಟ್ಟಿದೆ. ಬಾಗಿಲು ಕಿರಿದು, ಆದರೆ ತೆರೆದಿದೆ.

ಸ್ನಾತಕೋತ್ತರ ಪದವಿಯಲ್ಲಿ ಶೇಕಡಾ 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಂಗವಿಕಲರು ಮೊದಲಾದವರಿಗೆ ಶೇಕಡಾ 5ರ ವಿನಾಯಿತಿ ಇದೆ. 2024-25ರಿಂದ ಪಿಎಚ್.ಡಿ. ಪ್ರವೇಶಕ್ಕೆ ನೆಟ್ ಪರೀಕ್ಷೆಯ ಅಂಕಗಳನ್ನು ಬಳಸಲು ಯುಜಿಸಿ ಸೂಚಿಸಿದೆ. ಆದ್ದರಿಂದ ತಾವು ಸೇರಬೇಕೆಂದಿರುವ ವಿಶ್ವವಿದ್ಯಾಲಯದ ಆ ವರ್ಷದ ಪ್ರಕಟಣೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಬೇಕು. ಶಿಕ್ಷಣಶಾಸ್ತ್ರದ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇದಕ್ಕೆ ಒಂದು ವರ್ಷದ ತಯಾರಿ ಇಟ್ಟುಕೊಳ್ಳುವುದು ಒಳ್ಳೆಯದು.

ಪ್ರವೇಶ ಸಿಕ್ಕ ಮೇಲೆ 12ರಿಂದ 16 ಕ್ರೆಡಿಟ್‌ನ ಕೋರ್ಸ್ ವರ್ಕ್. ಅದರಲ್ಲಿ ಶೇಕಡಾ 55 ಅಂಕ ಪಡೆದರೆ ಮಾತ್ರ ಮುಂದಿನ ದಾರಿ. ಪ್ರತಿ ಸೆಮಿಸ್ಟರಿಗೊಮ್ಮೆ ಸಲಹಾ ಸಮಿತಿಯ ಎದುರು ಮಾಡಿದ ಕೆಲಸ ತೋರಿಸಬೇಕು. ಕೊನೆಗೆ ಮಹಾಪ್ರಬಂಧವನ್ನು ಹೊರಗಿನ ಇಬ್ಬರು ಪರೀಕ್ಷಕರಾದರೂ ನೋಡುತ್ತಾರೆ, ಆಮೇಲೆ ಮೌಖಿಕ ಪರೀಕ್ಷೆ. ಒಟ್ಟು ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗಬಹುದು. ಮಹಿಳೆಯರಿಗೆ ಅದರ ಮೇಲೆ ಮತ್ತೆ 2 ವರ್ಷದ ರಿಯಾಯಿತಿ ಇದೆ.

ಪರದೆಯ ಮೇಲೆ ಆಗುವ ಕೆಲಸವೂ ಸಾಕಷ್ಟಿದೆ. ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ‘ಶೋಧಗಂಗಾ’ ಜಾಲತಾಣದಲ್ಲಿ ಪುಕ್ಕಟೆ ಓದಲು ಸಿಗುತ್ತವೆ. ‘ಸ್ವಯಂ’ ವೇದಿಕೆಯಲ್ಲಿ 2017ರಿಂದ ಪಾಠಗಳಿವೆ. ಹಿಂದೆ ಒಂದು ಪುಸ್ತಕಕ್ಕಾಗಿ ಧಾರವಾಡದ ಬಸ್ಸು ಹಿಡಿಯಬೇಕಾಗಿದ್ದ ಓದು ಇಂದು ರಾಮದುರ್ಗದ ಮನೆಯಲ್ಲಿಯೇ ಸಾಧ್ಯ. ಆದರೆ ಸಾಧನ ಆನ್‌ಲೈನ್ ಆದ ಮಾತ್ರಕ್ಕೆ ಪದವಿ ಆನ್‌ಲೈನ್ ಆಗುವುದಿಲ್ಲ.

ಆರು ವರ್ಷದ ಲೆಕ್ಕ

ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯ ಶಿಕ್ಷಕಿಯೊಬ್ಬರನ್ನು ಊಹಿಸಿಕೊಳ್ಳಿ. ಕರ್ನಾಟಕ ವಿಶ್ವವಿದ್ಯಾಲಯ ಇರುವ ಧಾರವಾಡ ಅವರಿಗೆ ಸುಮಾರು 40 ಕಿಲೋಮೀಟರು. ತಿಂಗಳಿಗೆ ಎರಡು ಸಲ ಮಾರ್ಗದರ್ಶಕರನ್ನು ಕಾಣಬೇಕೆಂದರೆ ವರ್ಷಕ್ಕೆ 24 ಪ್ರಯಾಣ, 6 ವರ್ಷಕ್ಕೆ 144. ಹೋಗಿ ಬರುವ ದೂರ ಕೂಡಿಸಿದರೆ 11,520 ಕಿಲೋಮೀಟರು. ರಾಮದುರ್ಗದವರಿಗೆ ಇನ್ನೂ ಹೆಚ್ಚು. ಬೈಲಹೊಂಗಲದವರು ಧಾರವಾಡಕ್ಕೂ ಹೋಗಬಹುದು, 2010ರಲ್ಲಿ ಆರಂಭವಾದ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವನ್ನೂ ವಿಚಾರಿಸಬಹುದು. ಕಿತ್ತೂರು ಹೆದ್ದಾರಿಯ ಮೇಲೆಯೇ ಇರುವುದರಿಂದ ಅಲ್ಲಿಯವರಿಗೆ ಎರಡೂ ಕಡೆ ಅನುಕೂಲ. ಹೀಗೆ ನಾಲ್ಕು ಊರಿಗೆ ನಾಲ್ಕು ಲೆಕ್ಕ. ಅರ್ಜಿ ತುಂಬುವ ಮೊದಲು ಯಾವ ವಿಭಾಗದಲ್ಲಿ ಶಿಕ್ಷಣಶಾಸ್ತ್ರದ ಮಾರ್ಗದರ್ಶಕರಿದ್ದಾರೆ, ಸ್ಥಾನ ಖಾಲಿ ಇದೆಯೇ ಎಂದು ಖುದ್ದಾಗಿ ಕೇಳಿಕೊಳ್ಳಬೇಕು.

ಆರು ವರ್ಷಕ್ಕೆ 312 ಭಾನುವಾರಗಳು. ಅವುಗಳಲ್ಲಿ ಎಷ್ಟು ಮನೆಗೆ, ಎಷ್ಟು ಮಹಾಪ್ರಬಂಧಕ್ಕೆ? ಈ ಮಾತನ್ನು ಮನೆಯವರೆಲ್ಲ ಕೂತು ಮೊದಲೇ ಆಡಿಕೊಳ್ಳಬೇಕು. ಓದುವ ಶಿಕ್ಷಕಿಯ ಮನೆಯಲ್ಲಿ ರೊಟ್ಟಿ ಬಡಿಯುವ ಕೆಲಸ ಮೊದಲಿನಂತೆಯೇ ಅವರೊಬ್ಬರ ಮೇಲೆ ಉಳಿದರೆ, ನಿಯಮಾವಳಿಯ ಹತ್ತು ವರ್ಷವೂ ಸಾಲದು.

ಪ್ರತಿಫಲದ ಲೆಕ್ಕವನ್ನೂ ಮರೆಯಬಾರದು. ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಲು ಪಿಎಚ್.ಡಿ. ಕಡ್ಡಾಯವಲ್ಲ. ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೂ 2023ರ ಜುಲೈನಿಂದ ನೆಟ್, ಸೆಟ್ ಅಥವಾ ಸ್ಲೆಟ್ ಕನಿಷ್ಠ ಅರ್ಹತೆಯಾಗಿದ್ದು, ಪಿಎಚ್.ಡಿ. ಐಚ್ಛಿಕವಾಗಿದೆ. ಬಡ್ತಿಯೊಂದೇ ಗುರಿಯಾಗಿದ್ದರೆ ಈ ದಾರಿ ಸುತ್ತಿನ ದಾರಿ.

ಮಕ್ಕಳು ತೆರುವ ಬೆಲೆ

ಅರೆಕಾಲಿಕ ಅಭ್ಯರ್ಥಿ ತಾನು ಕೆಲಸ ಮಾಡುವ ಕಡೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಅದರಲ್ಲಿ ಮೂರು ಮಾತು ಇರಬೇಕು. ಅರೆಕಾಲಿಕವಾಗಿ ಓದಲು ಅನುಮತಿ ಇದೆ, ಕೆಲಸದ ನಡುವೆ ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್ ವರ್ಕ್‌ಗಾಗಿ ಕೆಲಸದಿಂದ ಬಿಡುಗಡೆ ಮಾಡಲಾಗುತ್ತದೆ. ಕಾಗದದ ಮೇಲೆ ಮೂರು ಸಾಲು, ಒಂದು ಸಹಿ.

ಮೂರನೆಯ ಸಾಲನ್ನು ಇನ್ನೊಮ್ಮೆ ಓದಿ. ಪಟ್ಟಣದ ದೊಡ್ಡ ಶಾಲೆಯಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ತರಗತಿ ನೋಡಿಕೊಳ್ಳುತ್ತಾರೆ. ಗಣಿತಕ್ಕೆ ಒಬ್ಬರೇ ಶಿಕ್ಷಕರಿರುವ ಹಳ್ಳಿಯ ಶಾಲೆಯಲ್ಲಿ ಅವರು ಬಿಡುಗಡೆಯಾದರೆ ಗಣಿತವೇ ಬಿಡುಗಡೆಯಾದಂತೆ. ಹತ್ತನೆಯ ತರಗತಿಯ ಮಕ್ಕಳು ತಮಗೆ ತಿಳಿಯದೆಯೇ ಆ ಪದವಿಯ ಶುಲ್ಕದಲ್ಲಿ ಒಂದು ಪಾಲು ಕಟ್ಟುತ್ತಾರೆ. ಪಾಲಕರು ಶಾಲೆಯ ಸಭೆಯಲ್ಲಿ ಬದಲಿ ವ್ಯವಸ್ಥೆ ಏನೆಂದು ಕೇಳುವುದು ತಪ್ಪಲ್ಲ. ಆದರೆ ಶಿಕ್ಷಕರ ಓದನ್ನು ಅಡ್ಡಿ ಎಂದು ತಿಳಿಯುವುದೂ ಸರಿಯಲ್ಲ. ಮಕ್ಕಳು ಕಟ್ಟಿದ ಆ ಪಾಲು ಅವರಿಗೇ ಮರಳಿ ಬರುವಂತಾದರೆ ಇಬ್ಬರಿಗೂ ಲಾಭ.

ಮರಳಿ ಬರುವುದು ಪ್ರಶ್ನೆಯ ಮೂಲಕ. ಒಂದು ಕುಂಡವನ್ನು ಬೆಳಕಿನಲ್ಲಿ, ಇನ್ನೊಂದನ್ನು ಕತ್ತಲೆಯಲ್ಲಿ ಇಟ್ಟು ಗಿಡದ ಬೆಳವಣಿಗೆ ನೋಡುವ ಪ್ರಯೋಗ ವಿದ್ಯಾರ್ಥಿಗಳಿಗೆ ಗೊತ್ತು. ಶಾಲೆಯ ಸಂಶೋಧನೆಯ ತಿರುಳೂ ಅದೇ. ವ್ಯತ್ಯಾಸ ಎಲ್ಲಿದೆ, ಯಾವ ಕಾರಣಕ್ಕೆ ಇದೆ ಎಂದು ತಾಳ್ಮೆಯಿಂದ ನೋಡುವುದು.

ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜಾತ್ರೆ ನಡೆಯುವಾಗ ಸುತ್ತಲಿನ ಶಾಲೆಗಳ ಹಾಜರಿ ಎಷ್ಟು ಇಳಿಯುತ್ತದೆ? ಮುಖ್ಯೋಪಾಧ್ಯಾಯರು ಪಾಲಕರನ್ನು ಮೊದಲೇ ಕರೆದು ಮಾತಾಡಿದ ಶಾಲೆಯಲ್ಲಿ ಕಡಿಮೆ ಇಳಿಯುತ್ತದೆಯೇ? 2019ರ ಆಗಸ್ಟಿನಲ್ಲಿ ಮಲಪ್ರಭೆಯ ನೆರೆ ಕಂಡ ರಾಮದುರ್ಗ ತಾಲ್ಲೂಕಿನ ಶಾಲೆಗಳು ಮತ್ತೆ ಹೇಗೆ ನಿಂತವು? ಬೈಲಹೊಂಗಲದ ಹಳ್ಳಿಗಳಲ್ಲಿ ಹತ್ತನೆಯ ತರಗತಿ ಪಾಸಾದ ಹುಡುಗಿಯರಲ್ಲಿ ಎಷ್ಟು ಜನ ಕಾಲೇಜಿನ ಬಸ್ಸು ಹತ್ತುತ್ತಾರೆ? 1969ರಿಂದ ಬಾಲಕಿಯರ ಸೈನಿಕ ಶಾಲೆ ಇರುವ ಕಿತ್ತೂರಿನಲ್ಲಿ, ಆ ಶಾಲೆಯ ಶಿಸ್ತಿನಿಂದ ಸುತ್ತಲಿನ ಹಳ್ಳಿ ಶಾಲೆ ಕಲಿಯಬಹುದಾದದ್ದೇನು? ಶೈಕ್ಷಣಿಕ ನಾಯಕತ್ವದ ಸಂಶೋಧನೆಗೆ ಇವೆಲ್ಲ ಒಳ್ಳೆಯ ವಿಷಯಗಳು. ಹೊರಗಿನವರಿಗೆ ಇವು ಕಾಣುವುದು ಕಷ್ಟ, ಇಲ್ಲಿ ದಿನವೂ ಹಾಜರಿ ಕರೆಯುವವರಿಗೆ ಸುಲಭ.

ಹಿರಿಯರು ನಡೆದ ದಾರಿ

ನಾಯಕತ್ವ ಎಂಬ ಮಾತು ಹೊಸದು, ಕೆಲಸ ಹಳೆಯದು. ಧಾರವಾಡದಲ್ಲಿ 1834ರಲ್ಲಿ ಹುಟ್ಟಿದ ಡೆಪ್ಯುಟಿ ಚನ್ನಬಸಪ್ಪನವರು ಶಿಕ್ಷಣ ಇಲಾಖೆಯ ಚಾಕರಿಯಲ್ಲಿದ್ದುಕೊಂಡೇ ಕನ್ನಡ ಶಾಲೆಗಳಿಗಾಗಿ ದುಡಿದರು. ಕನ್ನಡದ ಮಕ್ಕಳು ಮರಾಠಿಯಲ್ಲಿ ಏಕೆ ಓದಬೇಕು ಎಂಬುದೇ ಅವರ ಪ್ರಶ್ನೆ. ಸವದತ್ತಿ ತಾಲ್ಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವಾಗ ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗಾಗಿ ಬರೆದಿಟ್ಟಿದ್ದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣ ಶಿಕ್ಷಕರು ಕೂಡಿ ಕೆಎಲ್ಇ ಸಂಸ್ಥೆಯನ್ನು ಕಟ್ಟಿದರು. ಇವರಿಗೆಲ್ಲ ಮೊದಲು ಕಂಡದ್ದು ಊರಿನ ಕೊರತೆ. ಕೀರ್ತಿ ಆಮೇಲೆ ಬಂತು.

ಪದವಿ ಬೇಡ, ಶಾಲೆ ನಡೆಸುವ ಜಾಣ್ಮೆ ಸಾಕು ಎನ್ನುವವರಿಗೂ ದಾರಿಗಳಿವೆ. ಶಾಲಾ ನಾಯಕತ್ವದ ತರಬೇತಿಗೆಂದೇ ಧಾರವಾಡದಲ್ಲಿ ‘ಸಿಸ್ಲೆಪ್’ ಎಂಬ ರಾಜ್ಯಮಟ್ಟದ ಸಂಸ್ಥೆ ಇದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ದೂರಶಿಕ್ಷಣದ ಪಾಠಕ್ರಮಗಳನ್ನೂ ವಿಚಾರಿಸಬಹುದು.

ವಿದ್ಯಾರ್ಥಿಗಳು ಮತ್ತು ಪಾಲಕರು ನೆನಪಿಡಬೇಕಾದ ಸಂಗತಿ ಇನ್ನೊಂದಿದೆ. ಬಿ.ಎ., ಎಂ.ಎ., ಎಂ.ಕಾಂ.ನಂಥ ಪದವಿಗಳನ್ನು ಅನುಮತಿ ಪಡೆದ ವಿಶ್ವವಿದ್ಯಾಲಯಗಳಿಂದ ದೂರಶಿಕ್ಷಣ ಇಲ್ಲವೆ ಆನ್‌ಲೈನ್ ಮೂಲಕ ಪಡೆಯಲು ಅಡ್ಡಿಯಿಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಆರಂಭಿಸಿದ ಅಂಚೆ ತೆರಪಿನ ಶಿಕ್ಷಣದಿಂದ ಎಷ್ಟೋ ನೌಕರರು ಪದವೀಧರರಾದರು. ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಆದರೆ 2012-13ರ ನಂತರ ಅದಕ್ಕೆ ಯುಜಿಸಿ ಮಾನ್ಯತೆ ಇಲ್ಲವಾಗಿ, 2018ರಲ್ಲಿ ಮತ್ತೆ ದೊರೆಯುವ ತನಕ ವಿದ್ಯಾರ್ಥಿಗಳು ಪಟ್ಟ ಕಷ್ಟ ಸಣ್ಣದಲ್ಲ. ಸಂಸ್ಥೆ ಹಳೆಯದು, ಸರ್ಕಾರದ್ದು ಎಂದರೆ ಸಾಲದು. ತಾವು ಸೇರುವ ವರ್ಷಕ್ಕೆ, ತಾವು ಸೇರುವ ಪಾಠಕ್ರಮಕ್ಕೆ ಅನುಮತಿ ಇದೆಯೇ ಎಂದು ಯುಜಿಸಿಯ ಜಾಲತಾಣದಲ್ಲಿಯೇ ನೋಡಬೇಕು. ಏಜೆಂಟರ ಮಾತು, ವಾಟ್ಸ್ಆ್ಯಪ್‌ನಲ್ಲಿ ಬಂದ ಪತ್ರ ಇವು ಸಾಕ್ಷಿಯಲ್ಲ.

ಡಾಕ್ಟರೇಟ್‌ಗೆ ಹೊರಟ ಶಿಕ್ಷಕರು ಅರ್ಜಿಯ ಶುಲ್ಕ ಕಟ್ಟುವ ಮೊದಲು ಒಂದು ಹಾಳೆಯ ಮೇಲೆ ತಮ್ಮ ಶಾಲೆಯ ಒಂದು ಪ್ರಶ್ನೆಯನ್ನು ಸರಳ ಕನ್ನಡದಲ್ಲಿ ಬರೆಯಲಿ. ಅದನ್ನು ಮನೆಯವರಿಗೂ ತಮ್ಮ ತರಗತಿಯ ಮಕ್ಕಳಿಗೂ ಓದಿ ಹೇಳಲಿ. ಆ ಮಕ್ಕಳಿಗೆ ಅದು ಅರ್ಥವಾಗಿ, ಉತ್ತರ ಬೇಕು ಅನ್ನಿಸಿದರೆ, ಧಾರವಾಡದ ಬಸ್ಸು ಹತ್ತಲು ಅಷ್ಟು ಕಾರಣ ಸಾಕು.