ಬಾಡಿಗೆ ನಮ್ಮದು, ಬಂಡವಾಳ ಅವರದು!

ಹಾಸ್ಟೆಲ್ ಗೆಳೆಯರೇ,

ಹೊಸದೊಂದು ಉಪದೇಶ ನಮ್ಮ ಕಿವಿಗೆ ಬೀಳ್ತಾ ಇದೆ. "ಚಳವಳಿ ಗಿಳವಳಿ ಬಿಡಿ. ಸೈಟು ಹಿಡೀರಿ, ಮನೆ ಕಟ್ಟಿ ಬಾಡಿಗೆಗೆ ಬಿಡಿ, ವರ್ಷ ವರ್ಷ ಬಾಡಿಗೆ ಏರಿಸಿ, ಬಂಡವಾಳ ತಾನಾಗೇ ಬೆಳೆಯುತ್ತೆ." ತಾನಾಗೇ ಬೆಳೆಯೋದು ಯಾವುದು ಸ್ವಾಮಿ? ರಾಗಿಯೂ ತಾನಾಗೇ ಬೆಳೆಯಲ್ಲ. ಉಳೋರು ಬೇಕು, ಕಳೆ ಕೀಳೋರು ಬೇಕು.

ಲೆಕ್ಕ ಹಾಕೋಣ. ತಿಂಗಳಿಗೆ 10,000 ರೂಪಾಯಿ ಬಾಡಿಗೆ ಬರುವ ಮನೆ, ವರ್ಷಕ್ಕೆ 1,20,000. ಹಾಕಿದ ದುಡ್ಡಿಗೆ ನೂರಕ್ಕೆ ನಾಲ್ಕು ಹುಟ್ಟಿದರೆ ಸಾಕು ಅಂತ ಕೊಳ್ಳುವವನು ಎಣಿಸಿದರೆ ಆ ಮನೆಯ ಬೆಲೆ 30 ಲಕ್ಷ. ಮಾಲೀಕ ತಿಂಗಳ ಬಾಡಿಗೆಗೆ 1,000 ಸೇರಿಸುತ್ತಾನೆ. ಇಟ್ಟಿಗೆ ಇಟ್ಟಿಲ್ಲ, ಸುಣ್ಣ ಬಳಿದಿಲ್ಲ. ಅದೇ ಲೆಕ್ಕದಲ್ಲಿ ಮನೆ ಈಗ 33 ಲಕ್ಷ! ಏರಿದ ಬೆಲೆ ತೋರಿಸಿದರೆ ಬ್ಯಾಂಕಿನಲ್ಲಿ ಇನ್ನಷ್ಟು ಸಾಲ. ಸಾಲದಿಂದ ಇನ್ನೊಂದು ಮನೆ. ಅದರ ಕಂತಿಗೆ ಅಲ್ಲಿಯ ಬಾಡಿಗೆ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅಂತಾರೆ ಹಿರೀಕರು. ಈತ ಕೂತು ಉಂಡಷ್ಟೂ ಕುಡಿಕೆ ತುಂಬುತ್ತಿದೆ. ತುಂಬುತ್ತಿರೋರು ಯಾರು? ಗಾರ್ಮೆಂಟ್ಸಿನ ಅಕ್ಕಂದಿರು, ಪೌರಕಾರ್ಮಿಕರು, ಡಿಗ್ರಿ ಮುಗಿಸಿ ಹಾಸ್ಟೆಲ್ ಬಿಟ್ಟ ನಾವು.

ಬಡಾವಣೆಗೆ ರಸ್ತೆ, ನೀರು, ಮೆಟ್ರೋ ಬಂದರೂ ಬೆಲೆ ಏರುತ್ತೆ. ಅದು ಜನರ ತೆರಿಗೆ ದುಡ್ಡು. ಮೋರಿ ತೋಡಿದ್ದು ನಮ್ಮ ಜನದ ರಟ್ಟೆ. ಗೆದ್ದಲು ಹುತ್ತ ಕಟ್ಟಿತು, ಹಾವು ಬಾಡಿಗೆ ಕೇಳಿತು!

ಇನ್ನು, ಆ ಬಡಾವಣೆಗೆ ನೆಲ ಎಲ್ಲಿಂದ ಬಂತು? ಊರಾಚೆ ಸರ್ಕಾರ ನಮ್ಮ ತಾತಂದಿರಿಗೆ ಮಂಜೂರು ಮಾಡಿದ ತುಂಡು ಜಮೀನುಗಳ ಕಥೆ ಕೇಳಿ. ಮದುವೆ ಸಾಲಕ್ಕೋ ಆಸ್ಪತ್ರೆ ಖರ್ಚಿಗೋ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದವರು ಎಷ್ಟು ಜನ! ಅದಕ್ಕೇ ದೇವರಾಜ ಅರಸು ಸರ್ಕಾರ 1978ರಲ್ಲಿ ಪಿ.ಟಿ.ಸಿ.ಎಲ್. ಕಾಯಿದೆ ತಂದಿತು. ಷರತ್ತು ಮುರಿದು ಕೈ ಬದಲಾದ ಮಂಜೂರಾತಿ ಜಮೀನನ್ನು ಎ.ಸಿ. ಸಾಹೇಬರು ಬಿಡಿಸಿ ನಮ್ಮವರಿಗೆ ಕೊಡಬೇಕು ಅಂದಿತು. 2017ರಲ್ಲಿ ಸುಪ್ರೀಂ ಕೋರ್ಟು, ಬಹಳ ತಡವಾಗಿ ಬಂದ ಅರ್ಜಿ ನಡೆಯದು ಅಂದಿತು. ಓದು ಬಾರದಂತೆ ಇಟ್ಟವರು ಯಾರು, ತಡ ಯಾರದು? ಹೋರಾಟ ನಡೆದ ಮೇಲೆ 2023ರಲ್ಲಿ, ಅರ್ಜಿಗೆ ಕಾಲಮಿತಿ ಇಲ್ಲವೆಂದು ತಿದ್ದುಪಡಿ ಬಂತು. ಅಷ್ಟರಲ್ಲಿ 2020ರಲ್ಲೇ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಂಗಳನ್ನು ಕಿತ್ತುಹಾಕಿ, ನೇಗಿಲು ಮುಟ್ಟದವರಿಗೂ ಹೊಲ ಕೊಳ್ಳಲು ಬಾಗಿಲು ತೆರೆದಾಗಿತ್ತು. ನೇಗಿಲು ಹೂಡುವವನ ನೆಲ ಬಂಡವಾಳ ಹೂಡುವವನಿಗೆ! ಹೊಲ ಕಳೆದುಕೊಂಡವನ ಮಗ ಅದೇ ಹೊಲದ ಮೇಲೆ ಎದ್ದ ಶೀಟಿನ ಮನೆಗೆ ಬಾಡಿಗೆ ಕಟ್ಟಬೇಕು.

ಬಾಡಿಗೆ ಕಟ್ಟುತ್ತೇವೆಂದರೂ ಮನೆ ಸಿಗುತ್ತಾ? "ಯಾವ ಜನ?" ಅಂತಾರೆ. ನೇರ ಕೇಳಲು ನಾಚಿಕೆಯಾದವರು "ಸಸ್ಯಾಹಾರಿಗಳಿಗೆ ಮಾತ್ರ" ಅಂತ ಬೋರ್ಡು ಹಾಕ್ತಾರೆ. 1917ರಲ್ಲಿ ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದ ಬಾಬಾಸಾಹೇಬರಿಗೆ ಊರಲ್ಲಿ ಇರಲು ಜಾಗ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿ ಪಾರ್ಸಿ ಛತ್ರದಲ್ಲಿ ಇಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಖಾಲಿ ಮಾಡು ಅಂದರು. ಈಗ ದೊಣ್ಣೆ ಬೇಕಿಲ್ಲ. ಹತ್ತು ತಿಂಗಳ ಅಡ್ವಾನ್ಸು ಕೇಳಿದರೆ ಸಾಕು, ನಾವೇ ಮೆಟ್ಟಿಲಿಳಿದು ಬರ್ತೀವಿ. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡ ಎಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯಿದೆ ಹೇಳಿದೆ. ಮಾದರಿ ಕಾಗದದ ಮೇಲೆ, ಅಡ್ವಾನ್ಸು ಮಾಲೀಕನ ಜೇಬಲ್ಲಿ.

ಸರ್ಕಾರಿ ಸೂರಾದರೂ ಗಟ್ಟಿಯೇ? ಬೆಂಗಳೂರಿನ ಈಜಿಪುರದಲ್ಲಿ ಬಡವರ ಕ್ವಾರ್ಟರ್ಸ್ ಇದ್ದ ಜಾಗವನ್ನು ಮಾಲ್ ಕಟ್ಟುವ ಖಾಸಗಿಯವರ ಜೊತೆ ಪಾಲು ಮಾಡಿಕೊಂಡ ಪಾಲಿಕೆ, 2013ರ ಜನವರಿಯಲ್ಲಿ ಬುಲ್ಡೋಜರ್ ಬಿಟ್ಟಿತು. ನೆಲದ ಬೆಲೆ ಏರಿದ್ದೇ ಅಲ್ಲಿಯ ಜನ ಮಾಡಿದ ತಪ್ಪು.

ಮನೆ ಕಟ್ಟಬೇಡಿ ಅಂತ ನಾವು ಹೇಳ್ತಿಲ್ಲ. ನಮ್ಮ ತಲೆಗೊಂದು ಸೂರು ನಮ್ಮ ಹಕ್ಕು. ಇನ್ನೊಬ್ಬನ ತಲೆಯ ಸೂರನ್ನು ಹರಾಜಿಗಿಟ್ಟು ಬದುಕೋದು ಬೇರೆ. ನಮ್ಮಲ್ಲೂ ನಾಲ್ಕು ಜನ ನೌಕರಿ ಹಿಡಿದು, ಮೂರಂತಸ್ತು ಎಬ್ಬಿಸಿ, ಕೇರಿಯಿಂದ ಬಂದ ಹುಡುಗನಿಗೆ "ಯಾವ ಜನ?" ಅನ್ನುತ್ತಿದ್ದಾರೆ. ಧಣಿಯ ಕುರ್ಚಿಯಲ್ಲಿ ನಮ್ಮವನು ಕೂತರೆ ಕುರ್ಚಿ ಮುರಿದಂತಲ್ಲ.

ರಜೆಗೆ ಊರಿಗೆ ಹೋದಾಗ ಅಪ್ಪ, ತಾತಂದಿರ ಟ್ರಂಕು ತೆಗೆಯಿರಿ. ಸಾಗುವಳಿ ಚೀಟಿ ಹುಡುಕಿ. ಪಹಣಿ ತೆಗೆಸಿ, ಹೆಸರು ಯಾವಾಗ ಬದಲಾಯಿತು ನೋಡಿ. ತಡವಾಯಿತೆಂಬ ವಾದ ಕೋರ್ಟುಗಳಲ್ಲಿ ಸತ್ತಿಲ್ಲ, ಆದ್ದರಿಂದ ಅರ್ಜಿ ಇವತ್ತೇ ಹಾಕಿ. ಊರು ಬಿಟ್ಟು ನಗರದಲ್ಲಿರುವವರು ಅಡ್ವಾನ್ಸಿಗೆ, ಬಾಡಿಗೆಗೆ ರಸೀತಿ ಕೇಳಿ. ಒಬ್ಬರೇ ಕೇಳಬೇಡಿ, ಬೀದಿಯ ಬಾಡಿಗೆದಾರರೆಲ್ಲ ಸೇರಿ ಕೇಳಿ. ಖಾಲಿ ಬಿದ್ದ ಸರ್ಕಾರಿ ಜಾಗ ಮಾಲಿಗಲ್ಲ, ಮನೆಗೆ ಅಂತ ಬೀದಿಗಿಳಿಯಿರಿ.

ಅವರ ಬಂಡವಾಳ ನಮ್ಮ ಬೆವರು. ಬೆವರಿಗೆ ಲೆಕ್ಕ ಕೇಳೋಣ.

ಜೈ ಭೀಮ್!