ಏರಿಯ ಮಾತು ಕೇಳುವವರಾರು?

ಕೊಳ್ಳೇಗಾಲದ ಸೀಮೆಯಲ್ಲಿ ಓದಿ ಬೆಳೆದವರಿಗೆ ಗುಂಡಾಲ್ ಜಲಾಶಯವನ್ನು ಪರಿಚಯಿಸಬೇಕಾಗಿಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ, ಬೆಟ್ಟದ ಸಾಲನ್ನೂ ತುಂಬಿದ ನೀರನ್ನೂ ನೋಡುತ್ತ ಪುಳಿಯೋಗರೆ ತಿಂದ ನೆನಪು ನಿಮ್ಮಲ್ಲಿ ಹಲವರಿಗಿದ್ದೀತು. ಒಮ್ಮೆ ಹಾಗೆ ಮಕ್ಕಳೊಡನೆ ಹೋಗಿದ್ದಾಗ ಹುಡುಗರು ಏರಿಯ ಒಳಮೈಗೆ ಹೊದಿಸಿದ್ದ ಕಲ್ಲುಗಳ ಸಂದಿಯಿಂದ ಚಕ್ಕೆಗಳನ್ನು ಕಿತ್ತು, ನೀರಿನ ಮೇಲೆ ಕುಪ್ಪಳಿಸುವಂತೆ ಎಸೆಯತೊಡಗಿದರು. ನಾನು ತಡೆಯಲಿಲ್ಲ. ಅಷ್ಟೇ ಅಲ್ಲ, ನಾನೂ ಒಂದೆರಡು ಎಸೆದೆ. ಆ ಕಲ್ಲುಗಳು ಅಲೆಗಳ ಹೊಡೆತದಿಂದ ಮಣ್ಣನ್ನು ಕಾಯಲು ಇಟ್ಟವು ಎಂಬ ತಿಳಿವಳಿಕೆ ಪಾಠ ಹೇಳುವ ನನಗೇ ಅಂದು ಇರಲಿಲ್ಲ.

ಆ ಏರಿಗೆ ಅಪಾಯವಿದೆ ಎಂದು ನಾನು ಹೇಳುತ್ತಿಲ್ಲ. ಅದನ್ನು ಹೇಳಬೇಕಾದವರು ಎಂಜಿನಿಯರುಗಳು. ನಾನು ಹೇಳುವುದಿಷ್ಟೆ: ಜಲಾಶಯವನ್ನು ವಿಹಾರಸ್ಥಳವೆಂದು ಕಾಣುವ ನಾವು, ಅದು ಮಣ್ಣಿನ ಗೋಡೆಯೊಂದು ಹಗಲಿರುಳು ಹೊತ್ತು ನಿಂತಿರುವ ಭಾರವೆಂಬುದನ್ನು ಮರೆತಿದ್ದೇವೆ.

ಮಣ್ಣಿನ ಏರಿ ಒಡೆಯುವುದಕ್ಕೆ ಮುಖ್ಯ ಕಾರಣಗಳು ಎರಡು. ಮೊದಲನೆಯದು, ಕೋಡಿಯಲ್ಲಿ ಹೋಗಬೇಕಾದ ನೀರು ಏರಿಯ ನೆತ್ತಿಯ ಮೇಲೆಯೇ ಹರಿಯುವುದು. ಕಲ್ಲಿನ ಕಟ್ಟೆ ಇದನ್ನು ಕೆಲಹೊತ್ತು ತಾಳಬಹುದು, ಮಣ್ಣು ತಾಳದು. 1979ರ ಆಗಸ್ಟ್ 11ರಂದು ಗುಜರಾತಿನ ಮೋರ್ಬಿಯ ಬಳಿ ಮಚ್ಛು ಅಣೆಕಟ್ಟಿನ ಮಣ್ಣಿನ ಭಾಗ ಹೀಗೆ ಕೊಚ್ಚಿಹೋಗಿ ಸಾವಿರಾರು ಜನ ಸತ್ತರು. ಎರಡನೆಯದು, ಏರಿಯ ಒಳಗೇ ನೀರು ದಾರಿ ಮಾಡಿಕೊಳ್ಳುವುದು. ಎಲ್ಲ ಮಣ್ಣಿನ ಏರಿಗಳಲ್ಲೂ ನೀರು ತುಸು ಜಿನುಗುತ್ತದೆ. ಜಿನುಗುವ ನೀರು ತಿಳಿಯಾಗಿದ್ದು, ಏರುಪೇರಿಲ್ಲದೆ ಇದ್ದರೆ ಅಷ್ಟಾಗಿ ಅಂಜಬೇಕಿಲ್ಲ. ಅದು ಕದಡಿಕೊಂಡು ಬಂದರೆ, ದಿನದಿಂದ ದಿನಕ್ಕೆ ಹೆಚ್ಚಿದರೆ, ಒಳಗಿನ ಮಣ್ಣು ಕರಗಿ ಹೊರಬೀಳುತ್ತಿದೆ ಎಂದರ್ಥ.

ಹೆಗ್ಗಣದ ಬಿಲ, ಹುತ್ತ, ಕೊಳೆತ ಬೇರು ಇವೆಲ್ಲ ಅಂಥ ದಾರಿಗೆ ಬಾಗಿಲು. ವನಮಹೋತ್ಸವದ ಉತ್ಸಾಹದಲ್ಲಿ ಕೆರೆಯೇರಿಯ ಮೇಲೆ ಮರದ ಸಸಿ ನೆಡಿಸುವ ನನ್ನಂಥ ಮೇಷ್ಟರುಗಳು ಇದನ್ನು ತಿಳಿದಿರಬೇಕು. ಏರಿಗೆ ಬೇಕಾದದ್ದು ಹುಲ್ಲಿನ ಹೊದಿಕೆ, ಮರವಲ್ಲ.

ಇದು ಇಂಗ್ಲಿಷರು ಕಲಿಸಿದ ವಿದ್ಯೆಯೇನೂ ಅಲ್ಲ. ವಿಜಯನಗರದ ಅರಸುಮನೆತನದ ಭಾಸ್ಕರನು ಈಗಿನ ಕಡಪ ಜಿಲ್ಲೆಯ ಪೊರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ, 1369ರಲ್ಲಿ ಹಾಕಿಸಿದ ಶಾಸನವು ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಿಂದ ನೀರು ಒಸರುವುದು ಆ ದೋಷಗಳಲ್ಲೊಂದು. ನಮ್ಮ ಹಳ್ಳಿಗಳಲ್ಲಿ ನೀರುಗಂಟಿಯೆಂಬಾತ ಇದ್ದ. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದಷ್ಟೇ ಅವನ ಕೆಲಸವಲ್ಲ. ಏರಿಯ ಉದ್ದಕ್ಕೂ ನಡೆದು, ಎಲ್ಲಿ ಹಸಿಯಾಗಿದೆ, ಎಲ್ಲಿ ಕುಸಿದಿದೆ ಎಂಬುದನ್ನು ಅವನ ಕಣ್ಣು ಹಿಡಿಯುತ್ತಿತ್ತು. ಕೊಳವೆಬಾವಿ ಬಂದಮೇಲೆ ಕೆರೆಯ ಹಂಗು ತಪ್ಪಿತು, ನೀರುಗಂಟಿಯೂ ಹೋದ. ಏರಿ ಮಾತ್ರ ಉಳಿಯಿತು.

ಏರಿ ಒಡೆಯುವ ಮುನ್ನ ಬಹುಮಟ್ಟಿಗೆ ಸೂಚನೆ ಕೊಡುತ್ತದೆ, ಕೇಳುವವರು ಬೇಕು. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ದೊಡ್ಡದೇನಲ್ಲ. 2019ರ ಜುಲೈ 2ರ ರಾತ್ರಿ ಅದು ಒಡೆದು ಇಪ್ಪತ್ತರಷ್ಟು ಜನ ಕೊಚ್ಚಿಹೋದರು. ಸೋರಿಕೆಯ ಬಗ್ಗೆ ಮೊದಲೇ ದೂರು ಕೊಟ್ಟಿದ್ದೆವೆಂದು ಊರಿನವರು ಗೋಳಿಟ್ಟರು. ಏಡಿಗಳು ಕೊರೆದು ಹೀಗಾಯಿತೆಂದು ಸಚಿವರೊಬ್ಬರು ಹೇಳಿ ನಗೆಪಾಟಲಿಗೀಡಾದರು. ನನಗೆ ನಗು ಬರಲಿಲ್ಲ. ಏಡಿ ಬಿಲ ಕೊರೆಯುವುದು ನಿಜವೇ. ನಿಜವಾದ್ದರಿಂದಲೇ ಕಾವಲು ಬೇಕು. ಏಡಿಯ ಮೇಲೆ ತಪ್ಪು ಹೊರಿಸುವುದು ಕಾವಲಿರಲಿಲ್ಲವೆಂದು ಒಪ್ಪಿಕೊಂಡಂತೆ.

2021ರಲ್ಲಿ ಸಂಸತ್ತು ಅಣೆಕಟ್ಟು ಸುರಕ್ಷತೆಯ ಕಾಯ್ದೆಯನ್ನು ಮಾಡಿತು. 15 ಮೀಟರಿಗಿಂತ ಎತ್ತರವಾದವೂ, 10ರಿಂದ 15 ಮೀಟರಿನವುಗಳಲ್ಲಿ ಕೆಲವೂ ಅದರ ವ್ಯಾಪ್ತಿಗೆ ಬರುತ್ತವೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೊಮ್ಮೆ ಇವುಗಳನ್ನು ತಪಾಸಣೆ ಮಾಡಲೇಬೇಕು. ಒಳ್ಳೆಯ ಕಾನೂನು. ಆದರೆ ಸಾವಿರಾರು ಸಣ್ಣ ಕೆರೆಗಳು ಅದರ ಹೊರಗೇ ಉಳಿದಿವೆ. ಮೇಲಾಗಿ, ವರ್ಷಕ್ಕೆರಡು ಸಲ ಜೀಪಿನಲ್ಲಿ ಬಂದುಹೋಗುವ ಕಣ್ಣು, ದಿನವೂ ನಡೆಯುವ ಕಣ್ಣಿಗೆ ಸಮವಾಗದು. 2022ರ ಮಳೆಗಾಲದಲ್ಲಿ ಸುವರ್ಣಾವತಿ ಉಕ್ಕಿ ಯಳಂದೂರು ತಾಲ್ಲೂಕಿನ ಊರುಗಳಿಗೆ ನೀರು ನುಗ್ಗಿದ್ದನ್ನು ನಾವು ಕಂಡಿದ್ದೇವೆ. ನಮ್ಮದು ಬರದ ಸೀಮೆ, ಇಲ್ಲಿ ನೆರೆಯ ಚಿಂತೆ ಏಕೆ ಎನ್ನುವ ಕಾಲ ಹೋಯಿತು. ಹಲವು ವರ್ಷ ಒಣಗಿ ಬಿರಿತ ಏರಿಯೊಂದು ಹಠಾತ್ತನೆ ತುಂಬಿದಾಗಲೇ ಹೆಚ್ಚಿನ ಎಚ್ಚರ ಬೇಕು.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ಪ್ರತಿ ಜಲಾಶಯಕ್ಕೂ, ದೊಡ್ಡ ಕೆರೆಗೂ, ಏರಿಯ ಕೆಳಗಿನ ಊರಿನವನೇ ಆದ ಒಬ್ಬ ನೀರುಗಂಟಿಯನ್ನು ಸಂಬಳ ಕೊಟ್ಟು ನೇಮಿಸಬೇಕು. ಮೊದಲು ಮುಳುಗುವುದು ಅವನ ಮನೆಯೇ ಆದ್ದರಿಂದ ಅವನು ಉದಾಸೀನ ಮಾಡಲಾರ. ಅವನ ಕೈಯಲ್ಲೊಂದು ಪುಸ್ತಕವಿರಲಿ. ಅದರಲ್ಲಿ ಬರೆದದ್ದಕ್ಕೆ ಉತ್ತರ ಕೊಡುವ ಹೊಣೆ ಒಬ್ಬ ಅಧಿಕಾರಿಗಿರಲಿ. ವಿಹಾರಕ್ಕೆ ಬರುವವರನ್ನು ಓಡಿಸಬೇಕಾಗಿಲ್ಲ. ಏರಿಯ ಮೇಲೆ ವಾಹನ ಹತ್ತಿಸಬೇಡಿ, ಕಲ್ಲು ಕೀಳಬೇಡಿ, ಕೋಡಿಗೆ ಅಡ್ಡ ಕಟ್ಟಬೇಡಿ, ಏರಿಯ ಬುಡದಲ್ಲಿ ಕದಡಿದ ನೀರು ಕಂಡರೆ ಈ ಸಂಖ್ಯೆಗೆ ತಿಳಿಸಿ ಎಂದು ಕನ್ನಡದಲ್ಲೊಂದು ಫಲಕ ಹಾಕಿದರೆ, ಭಾನುವಾರದ ಜನಸಂದಣಿಯೇ ಕಾವಲಾದೀತು.

ನಿಮ್ಮಲ್ಲಿ ಕೆಲವರು ಈಗ ಉಪಾಧ್ಯಾಯರಾಗಿದ್ದೀರಿ, ಹಲವರು ತಂದೆತಾಯಿಗಳಾಗಿದ್ದೀರಿ. ಮುಂದಿನ ಸಲ ಮಕ್ಕಳನ್ನು ಗುಂಡಾಲಿಗೆ ಕರೆದೊಯ್ದಾಗ ನೀರಿನ ಕಡೆಗಷ್ಟೇ ತಿರುಗಿ ನಿಲ್ಲಬೇಡಿ. ಒಂದು ಗಳಿಗೆ ಹಿಂದಿರುಗಿ, ಏರಿಯ ಕೆಳಗಿನ ಹೊಲಗದ್ದೆಗಳನ್ನೂ ಊರುಗಳನ್ನೂ ತೋರಿಸಿ. ಈ ಮಣ್ಣು ಯಾರನ್ನು ಕಾಯುತ್ತಿದೆ ಎಂದು ಕೇಳಿ. ನಾನು ಅಂದು ಹೇಳದೆ ಬಿಟ್ಟ ಪಾಠ ಅದು.