ಇಸ್ಪೀಟಿನ ಮೇಜಿನ ಮಾತು

ಮಳೆಗಾಲದಲ್ಲಿ ಜಗಲಿಯ ಮೇಲೆ ಚಾಪೆ ಹಾಸಿ ‘ಇಪ್ಪತ್ತೆಂಟು’ ಆಡಿ ಬೆಳೆದ ನಮಗೆ, ಕಾಸರಗೋಡಿನ ಕಡೆಯ ಅನೇಕ ವಾಚಕರಿಗೂ, ಎಲೆ ಹಿಡಿದವನು ಬಾಯಿ ಬಿಡಬಾರದೆಂಬುದು ಮೊದಲ ಪಾಠ. ಎದುರು ಕುಳಿತ ಜೊತೆಗಾರನಿಗೆ ಕೆಮ್ಮಿನಲ್ಲೋ ಕಣ್ಸನ್ನೆಯಲ್ಲೋ ಸುದ್ದಿ ಮುಟ್ಟಿಸಿದವನು ಮೋಸಗಾರನೆನಿಸುತ್ತಾನೆ. ಇಂಥ ಒಂದೇ ಒಂದು ಕೆಮ್ಮಿಗಾಗಿ ನಮ್ಮ ಸೋದರಮಾವನವರು ಎಲೆಗಳನ್ನು ಅಂಗಳಕ್ಕೆಸೆದು ಎದ್ದುಹೋದದ್ದುಂಟು. ಆದುದರಿಂದ, ಮಾತನ್ನೇ ಆಯುಧವಾಗಿ ಬಳಸುವ ಇಸ್ಪೀಟಾಟವೊಂದಿದೆಯೆಂದು ತಿಳಿದಾಗ ನಮಗೆ ಕುತೂಹಲವೂ ಸ್ವಲ್ಪ ಅಸಮಾಧಾನವೂ ಉಂಟಾದವು.

ಅದು ಅಮೆರಿಕದ ಪೋಕರ್. ಹಣವಿಟ್ಟು ಆಡುವುದನ್ನು ನಾವು ಸಮರ್ಥಿಸುತ್ತಿಲ್ಲ. ನಮ್ಮ ಆಸಕ್ತಿಯೇನಿದ್ದರೂ ಮಾತಿನಲ್ಲಿ. ಹೆಚ್ಚು ಬಳಕೆಯಲ್ಲಿರುವ ‘ಟೆಕ್ಸಾಸ್ ಹೋಲ್ಡೆಮ್’ ಎಂಬ ಬಗೆಯಲ್ಲಿ ಪ್ರತಿಯೊಬ್ಬನಿಗೂ ಗುಟ್ಟಾಗಿ ಎರಡು ಎಲೆ; ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಈ ಏಳರಲ್ಲಿ ಅತ್ಯುತ್ತಮವಾದ ಐದು ಲೆಕ್ಕಕ್ಕೆ ಬರುತ್ತವೆ. ಜೊತೆಗಾರನೆಂಬವನಿಲ್ಲ. ಒಳ್ಳೆಯ ಎಲೆಯಿದ್ದರೆ ಗೆಲ್ಲಬಹುದು. ಇಲ್ಲದಿದ್ದರೂ ದೊಡ್ಡ ಪಣವೊಡ್ಡಿ, ಎದುರಾಳಿ ಅಂಜಿ ಎಲೆ ಕೆಳಗಿಡುವಂತೆ ಮಾಡಿಯೂ ಗೆಲ್ಲಬಹುದು. ಈ ಎರಡನೆಯದೇ ‘ಬ್ಲಫ್’. ಎದುರಿಗಿರುವವನು ಆಗ ಮಾತಿಗೆಳೆಯುತ್ತಾನೆ: “ಏನಯ್ಯಾ, ಎಲೆ ಚೆನ್ನಾಗಿದೆಯೇನು?” ಉತ್ತರ ನಿಜವಾಗಬೇಕೆಂಬ ಕಟ್ಟಳೆಯಿಲ್ಲ. ಕೇಳಿದವನಿಗೂ ಅದು ಗೊತ್ತು. ಅವನು ಕಿವಿಗೊಡುವುದು ಉತ್ತರಕ್ಕಲ್ಲ, ಉತ್ತರ ಬರುವ ರೀತಿಗೆ.

ಈ ವಿದ್ಯೆಯನ್ನು ಕುರಿತು ಗ್ರಂಥಗಳೇ ಇವೆ. 1984ರಲ್ಲಿ ಮೈಕ್ ಕಾರೊ ಎಂಬವರು ಬರೆದ ಪುಸ್ತಕದ ತಿರುಳು ಸರಳವಾದುದು: ಕೈಯಲ್ಲಿ ಬಲವುಳ್ಳವನು ದುರ್ಬಲನಂತೆ ನಟಿಸುತ್ತಾನೆ, ಬಲವಿಲ್ಲದವನು ಬಲಶಾಲಿಯಂತೆ. ನಿಟ್ಟುಸಿರುಬಿಟ್ಟು ಪಣವೊಡ್ಡಿದವನನ್ನು ಕಂಡು ಮರುಗಬೇಡಿ ಎಂದರ್ಥ. 2014ರಲ್ಲಿ ಜಕಾರಿ ಎಲ್ವುಡ್ ಎಂಬವರು ಮೇಜಿನ ಮಾತಿಗಾಗಿಯೇ ಪುಸ್ತಕವೊಂದನ್ನು ಮೀಸಲಿಟ್ಟರು. ದೊಡ್ಡ ಪಣವೊಡ್ಡಿದ ಮೇಲೆಯೂ ಸಲೀಸಾಗಿ ಹರಟುವವನ ಕೈಯಲ್ಲಿ ಬಹುಮಟ್ಟಿಗೆ ಎಲೆಯಿರುತ್ತದೆ. ಬ್ಲಫ್ ಮಾಡಿದವನಿಗಾದರೋ ನಾಲಗೆ ಭಾರ. ಯಾವ ಮಾತು ಎದುರಾಳಿಯನ್ನು ಕೆರಳಿಸೀತೋ ಎಂಬ ಅಂಜಿಕೆ. “ನನ್ನ ಎಲೆ ಅಷ್ಟಕ್ಕಷ್ಟೆ” ಎಂಬ ಮಾತಂತೂ ಅವನ ಬಾಯಲ್ಲಿ ಬರುವುದು ಬಹಳ ಅಪರೂಪ. ಅದು ಅವನ ಪಾಲಿಗೆ ನಿಜವಷ್ಟೆ!

1998ರಲ್ಲಿ ಲಾಸ್ ವೇಗಸ್ಸಿನ ಬಿನಿಯನ್ಸ್ ಹಾರ್ಸ್‌ಶೂ ಎಂಬಲ್ಲಿ ನಡೆದ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ ಸ್ಪರ್ಧೆಯ ಕೊನೆಯ ಗಳಿಗೆಯನ್ನು ಆಟದ ಅಭಿಮಾನಿಗಳು ಇಂದಿಗೂ ನೆನೆಯುತ್ತಾರೆ. ಉಳಿದಿದ್ದವರು ವಿಯೆಟ್ನಾಮಿನಲ್ಲಿ ಹುಟ್ಟಿದ ಸ್ಕಾಟಿ ನುಯೆನ್ ಹಾಗೂ ಕೆವಿನ್ ಮೆಕ್‌ಬ್ರೈಡ್. ಬಹುಮಾನ 10 ಲಕ್ಷ ಡಾಲರು. ಮೇಜಿನ ನಡುವೆ ಮೂರು ಎಂಟು, ಎರಡು ಒಂಬತ್ತು ಬಿದ್ದಿದ್ದವು. ಇದು ಇಬ್ಬರಿಗೂ ದಕ್ಕುವ ದೊಡ್ಡ ಕಟ್ಟು. ನುಯೆನ್ ಪಣವೊಡ್ಡಿದ. ಅದಕ್ಕೆ ಒಪ್ಪಬೇಕಾದರೆ ಮೆಕ್‌ಬ್ರೈಡ್ ತನ್ನಲ್ಲಿ ಉಳಿದುದೆಲ್ಲವನ್ನೂ ಒಡ್ಡಬೇಕು. ಆತ ಯೋಚಿಸತೊಡಗಿದ. ನುಯೆನ್ ಎದ್ದುನಿಂತು, ನೀನು ಒಪ್ಪಿದರೆ ಎಲ್ಲ ಮುಗಿಯಿತು ಎಂಬರ್ಥದ ಮಾತನ್ನು ಗೆಳೆಯನಿಗೆ ಹೇಳುವಂತೆ ಹೇಳಿದ. ಮೆಕ್‌ಬ್ರೈಡ್ ಮೇಜಿನ ಕಟ್ಟನ್ನೇ ನಂಬಿ ಒಪ್ಪಿದ. ನುಯೆನ್ ತೋರಿಸಿದ್ದು ಗುಲಾಮ ಮತ್ತು ಒಂಬತ್ತು. ಒಂಬತ್ತು ಮೂರಾದವು, ಆಟ ಮುಗಿಯಿತು. (ನಮ್ಮ ಇಪ್ಪತ್ತೆಂಟರಲ್ಲಿ ಹಿರಿಯ ಎಲೆಗಳು ಇವೆರಡೇ ಎಂಬುದನ್ನು ವಾಚಕರು ಗಮನಿಸಿರಬಹುದು.)

ಆತ ಆಡಿದ್ದು ಅಪ್ಪಟ ನಿಜ. ಕೈಯಲ್ಲಿ ಏನೂ ಇಲ್ಲದವನು 10 ಲಕ್ಷ ಡಾಲರಿನ ಎದುರು ಅಷ್ಟು ಹಗುರವಾಗಿ ‘ಒಪ್ಪು’ ಎನ್ನಲಾರನೆಂದು ನಾವು ಈಗ ಕುಳಿತು ಹೇಳುವುದು ಸುಲಭ. ಆ ಕುರ್ಚಿಯಲ್ಲಿ ಕುಳಿತವನ ಪಾಡು ಬೇರೆ.

ಈ ಲೆಕ್ಕ ಎಲ್ಲರಿಗೂ ಹೊಂದದು. 2006ರಲ್ಲಿ 8,773 ಮಂದಿಯ ನಡುವೆ ಗೆದ್ದು 1 ಕೋಟಿ 20 ಲಕ್ಷ ಡಾಲರು ಪಡೆದ ಜೇಮಿ ಗೋಲ್ಡ್ ತನ್ನ ಎಲೆಯನ್ನು ಕುರಿತು ಹಲವು ಸಲ ನಿಜವನ್ನೇ ಹೇಳುತ್ತಿದ್ದ, ನಂಬಿದವರು ಕಡಮೆ. 2016ರಲ್ಲಿ ಇಂಗ್ಲೆಂಡಿನ ವಿಲಿಯಂ ಕಸೂಫ್ ಎಲೆಯಿದ್ದರೂ ಇಲ್ಲದಿದ್ದರೂ ಒಂದೇ ಸಮನೆ ಮಾತನಾಡಿದ. ಬರಿಯ ಒಂಬತ್ತನ್ನಿಟ್ಟುಕೊಂಡು ಮಾತಿನ ಮಳೆಗರೆದು, ಎರಡು ರಾಣಿಗಳನ್ನು ಹಿಡಿದಿದ್ದ ಎದುರಾಳಿಯಿಂದ ಅವನ್ನು ಕೆಳಗಿಡಿಸಿದ. ಇಂಥವರ ಮಾತನ್ನು ಅವರ ಹಿಂದಿನ ಮಾತಿನೊಡನೆ ತೂಗಿ ನೋಡಬೇಕಲ್ಲದೆ ಬೇರೆ ದಾರಿಯಿಲ್ಲ. ಆದುದರಿಂದಲೇ ಪಳಗಿದವರು ಪಣ ಸಣ್ಣದಿರುವಾಗಲೇ ಊರು, ಊಟ ಎಂದು ಮಾತಿಗೆಳೆದು ಎದುರಾಳಿಯ ಸಹಜ ಧ್ವನಿಯನ್ನು ತಿಳಿದಿಟ್ಟುಕೊಳ್ಳುತ್ತಾರೆ. ಕಸೂಫನ ಮಾತು ಎದುರಾಳಿಗಳನ್ನು ಕೆಣಕುವಲ್ಲಿಗೂ ಹೋಗಿ, ವ್ಯವಸ್ಥಾಪಕರು ಶಿಕ್ಷೆ ವಿಧಿಸಬೇಕಾಯಿತು. ಅದು ತಕ್ಕದ್ದೆಂದೇ ನಮ್ಮ ಮತ. ಕೊನೆಗೆ ಎರಡು ರಾಜರನ್ನು ಹಿಡಿದು, ಎರಡು ಎಕ್ಕಗಳೆದುರು ಸೋತು, ಆತ 17ನೆಯ ಸ್ಥಾನದಲ್ಲಿ ಹೊರಬಿದ್ದ.

ಇಷ್ಟನ್ನೆಲ್ಲ ಮನೆಯಲ್ಲಿ ಓದಿ ಹೇಳಿದೆವು. ಮನೆಯಾಕೆ ಅಡಕೆ ಕತ್ತರಿಸುತ್ತಲೇ, “ಗುಲಾಮ ಬಂದಾಗಲೆಲ್ಲ ನೀವು ವೀಳ್ಯದ ತಟ್ಟೆ ಕೇಳುತ್ತೀರಿ” ಎಂದಳು. ನಲ್ವತ್ತು ವರ್ಷಗಳಿಂದ ಕೇಳುತ್ತಿದ್ದೆವಂತೆ. ಮೊಮ್ಮಕ್ಕಳಿಗೂ ಗೊತ್ತಂತೆ.